ಶಿಸ್ತಿನ ನಿಯಮ ಬರಹದಲ್ಲಿರಲಿ

ಗೆ,
ಜಂಟಿ ನಿರ್ದೇಶಕರು,
ಕಾಲೇಜು ಶಿಕ್ಷಣ ಇಲಾಖೆ, ಮೈಸೂರು.

ವಿಷಯ: ಗ್ರಾಮಾಂತರದ ಸಣ್ಣ ಕಾಲೇಜುಗಳಲ್ಲಿ ಶಿಸ್ತುಕ್ರಮಕ್ಕೆ ಲಿಖಿತ ನಿಯಮ ಮತ್ತು ವಿಚಾರಣೆಯನ್ನು ಕಡ್ಡಾಯಗೊಳಿಸುವ ಬಗ್ಗೆ ಮನವಿ.

ಮಾನ್ಯರೇ,

ತಿ. ನರಸೀಪುರ ತಾಲ್ಲೂಕಿನ ಹೆಮ್ಮಿಗೆ ಮತ್ತು ಸುತ್ತಲಿನ ಹಳ್ಳಿಗಳಿಂದ ಪದವಿ ಓದಲು ಹೋಗುವ ಮಕ್ಕಳ ಪರವಾಗಿ ಈ ಮನವಿ ಸಲ್ಲಿಸುತ್ತಿದ್ದೇವೆ. ಕಾಲೇಜಿನಲ್ಲಿ ಶಿಸ್ತು ಸಡಿಲಿಸಿ ಎಂದು ನಾವು ಕೇಳುತ್ತಿಲ್ಲ. ಹೊಸಬರನ್ನು ರ‍್ಯಾಗಿಂಗ್ ಮಾಡುವವರನ್ನು, ಪಾಠದ ನಡುವೆ ಮೊಬೈಲ್ ಹಿಡಿದು ಕೂರುವವರನ್ನು ತಡೆಯಲೇಬೇಕು. ನಮ್ಮ ತಕರಾರು ಇಷ್ಟೆ: ಯಾವ ತಪ್ಪಿಗೆ ಯಾವ ಶಿಕ್ಷೆ ಎಂದು ಎಲ್ಲೂ ಬರೆದಿರದಿದ್ದರೆ ಆ ಹೊತ್ತಿನ ಸಿಟ್ಟೇ ನಿಯಮವಾಗುತ್ತದೆ. ಒಬ್ಬನಿಗೆ ಗದರಿಕೆ, ಅದೇ ತಪ್ಪಿಗೆ ಇನ್ನೊಬ್ಬನಿಗೆ ರಸೀದಿಯಿಲ್ಲದ ದಂಡ, ಮತ್ತೊಬ್ಬನಿಗೆ ಮುಚ್ಚಳಿಕೆ. ಆ ಮುಚ್ಚಳಿಕೆಯನ್ನೇ ನೋಡಿ. ತಪ್ಪೊಪ್ಪಿಕೊಂಡಿದ್ದೇನೆ, ಮುಂದೆ ಹೀಗಾದರೆ ಟಿ.ಸಿ. ಕೊಟ್ಟರೂ ಅಭ್ಯಂತರವಿಲ್ಲ ಎಂದು ಮೊದಲೇ ಅಚ್ಚು ಹಾಕಿಸಿಟ್ಟ ಹಾಳೆ. ತಪ್ಪೇನೆಂದು ತುಂಬಬೇಕಾದ ಜಾಗ ಖಾಲಿ. ಕೆಳಗೆ ಹುಡುಗನ ಸಹಿ, ಪಕ್ಕದಲ್ಲಿ ಅಪ್ಪನ ಹೆಬ್ಬೆಟ್ಟು.

ಹಾಜರಾತಿಯ ಲೆಕ್ಕ ಇನ್ನೂ ಬಿಗಿಯಾದದ್ದು. ಪರೀಕ್ಷೆಗೆ ಕೂರಲು ಶೇ 75 ಹಾಜರಾತಿ ಬೇಕು, ಅದು ಸರಿಯೇ. ಆದರೆ ವಾರಕ್ಕೆ 4 ತರಗತಿಯಿರುವ ವಿಷಯಕ್ಕೆ 2 ದಿನ ಮೊದಲ ಅವಧಿ ಬಂದಿದೆ ಎಂದುಕೊಳ್ಳಿ. ಆ ಎರಡೂ ದಿನ ಬಸ್ಸು ಹದಿನೈದು ನಿಮಿಷ ತಡವಾಗಿ, ಗೇಟು ಹಾಕಿಬಿಟ್ಟರೆ, ಉಳಿದ ಒಂದು ತರಗತಿಯನ್ನೂ ತಪ್ಪಿಸದ ವಿದ್ಯಾರ್ಥಿಯ ಹಾಜರಾತಿಯೂ ಆ ವಿಷಯದಲ್ಲಿ ಶೇ 50ಕ್ಕೆ ಇಳಿಯುತ್ತದೆ. ಪುಸ್ತಕದಲ್ಲಿ ಅವನು ಅಶಿಸ್ತಿನವನು. ಅಸಲಿಗೆ ಅವನು ದೂರದ ಊರಿನವನು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚು ತಪ್ಪಿತು, ನಿಲ್ದಾಣದಲ್ಲಿ ಕಾಯುವುದು ತಪ್ಪಲಿಲ್ಲ. ವಿನಾಯಿತಿ ಕೊಟ್ಟರೆ ಎಲ್ಲರೂ ಬಸ್ಸಿನ ನೆಪ ಹೇಳುತ್ತಾರೆ ಎನ್ನುವ ಮಾತಿದೆ. ನೆಪವೋ ನಿಜವೋ ತಿಳಿಯಲು ಪತ್ತೇದಾರಿಕೆ ಬೇಕಿಲ್ಲ. ವಿದ್ಯಾರ್ಥಿಯ ಬಸ್ ಪಾಸಿನಲ್ಲಿ ಮಾರ್ಗ ನಮೂದಾಗಿರುತ್ತದೆ, ಒಂದೇ ಬಸ್ಸಿನಲ್ಲಿ ಬಂದ ಹತ್ತು ಮಂದಿ ಒಟ್ಟಿಗೇ ಇಳಿಯುತ್ತಾರೆ.

ಸಣ್ಣ ಕಾಲೇಜಿನಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು, ಬಾಯಿಮಾತಿನಲ್ಲೇ ಮುಗಿಯುವುದಕ್ಕೆ ಕಾಗದವೇಕೆ ಎಂದು ಕೇಳುವವರಿದ್ದಾರೆ. ಎಲ್ಲರಿಗೂ ಎಲ್ಲರೂ ಗೊತ್ತಿರುವುದರಿಂದಲೇ ಕಾಗದ ಬೇಕು. ಯಾರ ಮಗ, ಯಾವ ಬೀದಿಯವನು, ಯಾರ ಕಡೆಯವನು ಎಂಬುದು ತಿಳಿದಿರುವ ಕಡೆ ಶಿಕ್ಷೆ ಹಗುರವಾಗುವುದೂ ಭಾರವಾಗುವುದೂ ಸುಲಭ. ಹುಡುಗಿಯೊಬ್ಬಳ ಮೇಲೆ ಅರೆಬರೆ ವಿಚಾರಿಸಿದ ದೂರು ಮನೆಗೆ ಹೋದರೆ ಸಂಜೆಯೊಳಗೆ ಊರೆಲ್ಲ ತಿಳಿಯುತ್ತದೆ. ಅವಳ ಓದು ಅಲ್ಲಿಗೇ ನಿಲ್ಲಬಹುದು. ಉಪನ್ಯಾಸಕರು ಕಡಿಮೆ, ಇರುವವರಲ್ಲಿ ಅತಿಥಿ ಉಪನ್ಯಾಸಕರೇ ಹೆಚ್ಚು, ವಿಚಾರಣೆಗೆ ಪುರುಸೊತ್ತೆಲ್ಲಿ ಎಂಬ ಆಕ್ಷೇಪದಲ್ಲಿ ಹುರುಳಿದೆ. ಹಾಗೆಂದು ಪ್ರತಿ ಗದರಿಕೆಗೂ ಸಮಿತಿ ಕೂರಬೇಕಿಲ್ಲ. ಅಮಾನತು, ಟಿ.ಸಿ., ಪರೀಕ್ಷೆಗೆ ತಡೆ, ಇವು ಮೂರಕ್ಕಾದರೂ ಎದುರು ಕೂರಿಸಿಕೊಂಡು ಕೇಳಬೇಕು. ಇದು ಹೊಸ ಬೇಡಿಕೆಯೂ ಅಲ್ಲ. ಪರೀಕ್ಷಾ ಅಕ್ರಮದ ಆರೋಪ ಹೊತ್ತ ವಿದ್ಯಾರ್ಥಿಗಳ ಅಹವಾಲನ್ನೂ ಕೇಳದೆ ಫಲಿತಾಂಶ ರದ್ದು ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಘನಶ್ಯಾಮ್ ದಾಸ್ ಗುಪ್ತಾ ಪ್ರಕರಣದಲ್ಲಿ ಹೇಳಿದ್ದು 1962ರಲ್ಲಿ. ವಿದ್ಯಾರ್ಥಿಗಳ ಕುಂದುಕೊರತೆ ನಿವಾರಣಾ ಸಮಿತಿ ಇರಲೇಬೇಕೆಂದು ಯುಜಿಸಿ 2023ರ ನಿಯಮಾವಳಿಯಲ್ಲಿ ವಿಧಿಸಿದೆ.

ಆದ್ದರಿಂದ ಪ್ರತಿ ಕಾಲೇಜೂ ತನ್ನ ನಿಯಮ ಮತ್ತು ಶಿಕ್ಷೆಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಪ್ರವೇಶದ ಅರ್ಜಿಯ ಜೊತೆಗೇ ಕೊಡುವಂತೆ, ರಸೀದಿಯಿಲ್ಲದ ದಂಡವನ್ನೂ ಖಾಲಿ ಮುಚ್ಚಳಿಕೆಯನ್ನೂ ನಿಲ್ಲಿಸುವಂತೆ, ಮೊದಲ ಅವಧಿಯ ಹಾಜರಾತಿಯನ್ನು ಬಸ್ಸಿನ ವೇಳೆಗೆ ಹೊಂದಿಸುವಂತೆ ಸುತ್ತೋಲೆ ಹೊರಡಿಸಬೇಕೆಂದು ಕೋರುತ್ತೇವೆ. ಮುಂದಿನ ಸಾಲಿನ ಪ್ರವೇಶ ಆರಂಭವಾಗುವುದರೊಳಗೆ ಈ ಸುತ್ತೋಲೆ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಇರುವಂತಾಗಲಿ.

ಇಂತಿ ತಮ್ಮ ವಿಶ್ವಾಸಿಗಳು,
ಹೆಮ್ಮಿಗೆ ಹಾಗೂ ಸುತ್ತಲಿನ ಗ್ರಾಮಗಳ ವಿದ್ಯಾರ್ಥಿಗಳು ಮತ್ತು ಪೋಷಕರು