ಮೂಲೆಯ ಬದುಕು

ಹುಲಿ-ಕುರಿ ಆಟವನ್ನು ಜಗಲಿಯ ಕಲ್ಲಿನ ಮೇಲೆ ಗೀಚಿ ಆಡಿದವರಿಗೆ ಎರಡು ಸಂಗತಿಗಳು ಹೇಳದೆಯೇ ತಿಳಿದಿರುತ್ತವೆ. ಕಾಯಿ ನಿಲ್ಲುವುದು ಚೌಕದೊಳಗಲ್ಲ, ಗೆರೆಗಳು ಕೂಡುವ ಸಂಧಿಯಲ್ಲಿ. ಹುಲಿಯನ್ನು ಕೊಲ್ಲಲು ಬೇರೆ ಉಪಾಯವಿಲ್ಲ. ಅಲುಗಾಡಲು ಎಡೆಯಿಲ್ಲದಂತೆ ಅದನ್ನು ಸುತ್ತುಗಟ್ಟಬೇಕು. ಎರಡು ಸಾವಿರ ವರ್ಷಗಳಿಗೂ ಹಿಂದೆ ಚೀನಾದಲ್ಲಿ ಹುಟ್ಟಿ, ಕೊರಿಯಾ ಮತ್ತು ಜಪಾನುಗಳಲ್ಲಿ ಬೆಳೆದ ಗೋ ಆಟವೂ ಇವೆರಡರ ಮೇಲೆಯೇ ನಿಂತಿದೆ. ಎರಡಕ್ಕೂ ನಂಟಿದೆಯೆಂದಲ್ಲ, ಹೋಲಿಕೆಯಷ್ಟೆ. ಚೀನೀಯರು ಇದನ್ನು ವೈಚಿ ಎನ್ನುತ್ತಾರೆ. ಕೊರಿಯನ್ನರ ಬಾಯಲ್ಲಿ ಇದು ‘ಬದುಕ್’. ಕನ್ನಡದ ಬದುಕಿಗೂ ಆ ಪದಕ್ಕೂ ಸಂಬಂಧವಿಲ್ಲ. ಆದರೂ ಈ ಆಟಕ್ಕೆ ಇದಕ್ಕಿಂತ ಒಪ್ಪುವ ಹೆಸರು ಸಿಕ್ಕಲಾರದು.

ಹಲಗೆಯ ಮೇಲೆ ಅಡ್ಡ 19 ಗೆರೆ, ಉದ್ದ 19 ಗೆರೆ. ಒಟ್ಟು 361 ಸಂಧಿಗಳು. ಒಬ್ಬನದು ಕಪ್ಪು ಕಾಯಿ, ಇನ್ನೊಬ್ಬನದು ಬಿಳಿ. ಇಟ್ಟ ಕಾಯಿ ಮುಂದೆ ಸರಿಯುವುದಿಲ್ಲ. ಅದರ ಪಕ್ಕದ ಖಾಲಿ ಸಂಧಿಗಳನ್ನು ಚೀನೀಯರು ಅದರ ಉಸಿರು ಎನ್ನುತ್ತಾರೆ. ಉಸಿರೆಲ್ಲ ಕಟ್ಟಿದಾಗ ಕಾಯಿ ಸೆರೆಯಾಗಿ ಹಲಗೆಯಿಂದ ಹೊರಬೀಳುತ್ತದೆ. ನಡುವಿನ ಕಾಯಿಗೆ ನಾಲ್ಕು ಉಸಿರು, ಅಂಚಿನದಕ್ಕೆ ಮೂರು, ಮೂಲೆಯದಕ್ಕೆ ಎರಡೇ. ಇಷ್ಟನ್ನು ಕೇಳಿದವರು ಮೂಲೆಯೆಂದರೆ ಸಾವಿನ ತಾಣವೆಂದುಕೊಳ್ಳುವುದು ಸಹಜ. ಆದರೆ ಮೂಲೆ ಚಿನ್ನ, ಅಂಚು ಬೆಳ್ಳಿ, ಹೊಟ್ಟೆ ಹುಲ್ಲು ಎಂಬುದು ಚೀನೀ ಆಟಗಾರರ ಗಾದೆ. ಒಂಟಿ ಕಾಯಿಗೆ ಉಸಿರು ಕಡಿಮೆಯಾದರೂ ಗುಂಪು ಕಟ್ಟಲು ಮೂಲೆಯಷ್ಟು ಅಗ್ಗದ ಜಾಗ ಬೇರಿಲ್ಲ. ಎರಡು ಬದಿಗೆ ಹಲಗೆಯ ಅಂಚೇ ಗೋಡೆ. ಇನ್ನೆರಡು ಬದಿಗೆ ಮಾತ್ರ ಕಾಯಿ ಸಾಲದರೆ ಸಾಕು.

ಸುತ್ತುವರಿಯಲ್ಪಟ್ಟ ಗುಂಪು ಬದುಕುವುದು ಕಣ್ಣಿನಿಂದ. ಗುಂಪು ತನ್ನೊಳಗೆ ಕಾಪಿಟ್ಟುಕೊಂಡ ಖಾಲಿ ಜಾಗಕ್ಕೆ ಕಣ್ಣು ಎಂದು ಹೆಸರು. ಉಸಿರಿಲ್ಲದ ಸಂಧಿಯಲ್ಲಿ ಯಾರೂ ಕಾಯಿ ಇಡುವಂತಿಲ್ಲ. ಇಟ್ಟೊಡನೆ ಎದುರಾಳಿಯ ಕಾಯಿ ಸೆರೆಯಾಗುವಂತಿದ್ದರೆ ಮಾತ್ರ ಇಡಬಹುದು. ಒಂದೇ ಕಣ್ಣಿದ್ದ ಗುಂಪನ್ನು ಹೊರಗಿನಿಂದ ಪೂರ್ತಿ ಕಟ್ಟಿ, ಕೊನೆಯ ಕಾಯಿಯನ್ನು ಆ ಕಣ್ಣೊಳಗೇ ಇಟ್ಟು ಮುಗಿಸಬಹುದು. ಬೇರೆ ಬೇರೆಯಾದ ಎರಡು ಕಣ್ಣುಗಳಿದ್ದರೆ ಒಂದೇ ಸರದಿಯಲ್ಲಿ ಎರಡನ್ನೂ ಮುಚ್ಚಲಾಗದು. ಆ ಗುಂಪು ಆಟ ಮುಗಿಯುವವರೆಗೂ ಅಜೇಯ.

ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಕಲಿಯುವವರಿಗೆ 9 ಗೆರೆಗಳ ಸಣ್ಣ ಹಲಗೆ ಸಾಕು. ನೋಟುಬುಕ್ಕಿನ ಹಾಳೆಯ ಮೇಲೆ ಗೆರೆ ಎಳೆದು, ಕಪ್ಪಿಗೆ ಹುಣಸೆ ಬೀಜವನ್ನೂ ಬಿಳುಪಿಗೆ ಒಣ ಅವರೆಕಾಳನ್ನೂ ತೆಗೆದುಕೊಂಡರಾಯಿತು. ಕೆಳ ಅಂಚಿನಿಂದ ಎರಡನೆಯ ಅಡ್ಡಗೆರೆಯ ಮೇಲೆ, ಎಡ ಅಂಚಿನಿಂದಲೇ ತೊಡಗಿ ಸಾಲಾಗಿ ಆರು ಹುಣಸೆ ಬೀಜಗಳನ್ನಿಡಬೇಕು. ಮೇಲುಗಡೆಯನ್ನೂ ಬಲಗಡೆಯನ್ನೂ ಅವರೆಕಾಳುಗಳಿಂದ ಮುಚ್ಚಬೇಕು. ಈಗ ಬಿಳಿಯ ಸರದಿ. ಅದು ಬಲದಿಂದ ಆರನೆಯ ಬೀಜದ ಅಡಿಗೆ ನುಸುಳುತ್ತದೆ. ಕಪ್ಪು ಐದನೆಯದರ ಅಡಿಯಲ್ಲಿ ತಡೆಯುತ್ತದೆ. ಒಳಗೆ ಸಾಲಾಗಿ ನಾಲ್ಕು ಸಂಧಿಗಳು ಉಳಿದವು. ಅವುಗಳ ನಡುವಿನ ಎರಡರಲ್ಲಿ ಬಿಳಿ ಒಂದನ್ನು ಹಿಡಿದರೆ ಕಪ್ಪು ಇನ್ನೊಂದನ್ನು ಹಿಡಿಯುತ್ತದೆ. ಎರಡು ಕಣ್ಣು ಮೂಡಿತು, ಗುಂಪು ಬದುಕಿತು.

ಐದೇ ಬೀಜಗಳಿದ್ದರೆ? ಬಿಳಿಯದೇ ಮೊದಲ ನಡೆಯಾದರೆ ಒಳಗೆ ಉಳಿಯುವುದು ಮೂರು ಸಂಧಿ. ಬಿಳಿ ನಡುವಣದರಲ್ಲಿ ಕಾಯಿ ಇಟ್ಟೊಡನೆ ಗುಂಪಿನ ಕತೆ ಮುಗಿಯಿತು. ಕಪ್ಪಿನದು ಮೊದಲ ನಡೆಯಾದರೆ ಅದೇ ಗುಂಪು ಬದುಕುತ್ತದೆ. ನಾಲ್ಕು ಬೀಜಗಳ ಸಾಲು ಮಾತ್ರ ತನ್ನ ಸರದಿಯೇ ಮೊದಲಾದರೂ ಸಾಯುತ್ತದೆ. ಮೂಲೆಯಲ್ಲಿ ನಾಲ್ಕು ಸಾವು, ಆರು ಬದುಕು ಎಂದು ಆಟಗಾರರು ಬಾಯಿಪಾಠ ಮಾಡುವುದು ಇದನ್ನೇ. ಪಕ್ಕದ ನಡುಭಾಗದಲ್ಲಿ ಇದೇ ಲೆಕ್ಕ ಆರು ಸಾವು, ಎಂಟು ಬದುಕು ಎಂದಾಗುತ್ತದೆ. ಮೂಲೆಯ ಗೋಡೆ ಎರಡು ಕಾಯಿಗಳ ಕೆಲಸವನ್ನು ತಾನೇ ಮಾಡಿಕೊಡುತ್ತದೆ.

ಈ ಲೆಕ್ಕದ ಬೆಲೆ ಬಾಯಿಪಾಠದಲ್ಲಿಲ್ಲ. ಆರು ಕಾಯಿಗಳ ಗುಂಪು ಆಗಲೇ ಬದುಕಿದೆ. ಭಯದಿಂದ ಅದಕ್ಕೆ ಏಳನೆಯದನ್ನು ಸೇರಿಸಿದವನು ಒಂದು ಸರದಿಯನ್ನು ಕಳೆದುಕೊಂಡ. ನಾಲ್ಕರ ಗುಂಪು ಆಗಲೇ ಸತ್ತಿದೆ. ಮಮತೆಯಿಂದ ಅದಕ್ಕೆ ಕಾಯಿ ಸೇರಿಸುತ್ತ ಹೋದವನು ಅಷ್ಟನ್ನೂ ಕಳೆದುಕೊಂಡ. ತುರ್ತಿರುವುದು ಐದರಲ್ಲಿ ಮಾತ್ರ. ಹಲಗೆಯ ಮೇಲಿನ ಹತ್ತಾರು ಗುಂಪುಗಳಲ್ಲಿ ಆ ಐದು ಯಾವುದೆಂದು ಮೊದಲು ಕಂಡವನಿಗೆ ಆಟ ಒಲಿಯುತ್ತದೆ.

ಇಷ್ಟಕ್ಕೇ ಮುಗಿದಿದ್ದರೆ ಮೂಲೆ ಬರಿಯ ಗಣಿತವಾಗುತ್ತಿತ್ತು. ಆದರೆ ತುತ್ತತುದಿಯ ಸಂಧಿಗೆ ಎರಡೇ ಉಸಿರೆಂಬ ಸಣ್ಣ ಸಂಗತಿ ಬೇರೆಡೆಯ ನಿಯಮಗಳನ್ನು ಇಲ್ಲಿ ತಲೆಕೆಳಗು ಮಾಡುತ್ತದೆ. ಎರಡು ಸಾಲಿನಲ್ಲಿ ಮೂರು ಮೂರರಂತೆ ಆರು ಖಾಲಿ ಸಂಧಿಗಳನ್ನು ಒಳಗಿಟ್ಟುಕೊಂಡ ಗುಂಪು ಹಲಗೆಯ ಉಳಿದೆಡೆ ನಿಶ್ಚಿಂತೆಯಿಂದ ಬದುಕುತ್ತದೆ. ಅದೇ ಆಕಾರ ಮೂಲೆಯಲ್ಲಿದ್ದು, ಎದುರಾಳಿಯೇ ಮೊದಲು ನುಗ್ಗಿದರೆ, ಅದರ ಹಣೆಬರಹವನ್ನು ಹೊರಗಿನ ಉಸಿರುಗಳು ಬರೆಯುತ್ತವೆ. ಹೊರಗೆ ಎರಡು ಉಸಿರಿದ್ದರೆ ಬದುಕು, ಒಂದೂ ಇಲ್ಲದಿದ್ದರೆ ಸಾವು. ಒಂದೇ ಇದ್ದರೆ ‘ಕೋ’.

ಕೋ ಎಂದರೆ ಒಂದೊಂದೇ ಕಾಯಿಯನ್ನು ಪರಸ್ಪರ ಸೆರೆಹಿಡಿಯುತ್ತ ಕೊನೆಯಿಲ್ಲದೆ ಸಾಗಬಹುದಾದ ಜಗಳ. ಅದನ್ನು ತಡೆಯಲೆಂದೇ, ಸೆರೆಯಾದೊಡನೆ ಅಲ್ಲೇ ತಿರುಗಿ ಹಿಡಿಯಬಾರದು, ಮೊದಲು ಬೇರೆಡೆ ಒಂದು ನಡೆ ಆಡಬೇಕು ಎಂಬ ಕಟ್ಟಳೆಯಿದೆ. ಈ ಪದದ ಮೂಲ ಕನ್ನಡಿಗರಿಗೆ ಅಪರಿಚಿತವಲ್ಲ. ಅದು ಸಂಸ್ಕೃತದ ‘ಕಲ್ಪ’. ಬೌದ್ಧ ಗ್ರಂಥಗಳೊಡನೆ ಚೀನಾಕ್ಕೆ ಹೋಗಿ, ಅಲ್ಲಿಂದ ಜಪಾನಿಗೆ ದಾಟುವಷ್ಟರಲ್ಲಿ ‘ಕೋ’ ಆಯಿತು. ಬ್ರಹ್ಮನ ಒಂದು ಹಗಲನ್ನು ಅಳೆಯುವ ಮಾತು ಹಲಗೆಯ ಮೂಲೆಯ ಒಂದು ಕಾಯಿಯ ಜಗಳಕ್ಕೆ ಹೆಸರಾದುದು ವಿನೋದವೇ ಸರಿ.

ಮೂಲೆಯ ವಿಚಿತ್ರಗಳಲ್ಲೆಲ್ಲ ಹೆಚ್ಚು ವಾದ ಹುಟ್ಟಿಸಿದ್ದು ‘ಬಾಗಿದ ನಾಲ್ಕು’. ಇಲ್ಲಿ ಮುತ್ತಿಗೆ ಹಾಕಿದವನ ಮೂರು ಕಾಯಿಗಳು ಮೂಲೆಯ ಗುಂಪಿನೊಳಗೆ ಕುಳಿತಿರುತ್ತವೆ. ಒಳಗಿನವನು ಅವುಗಳನ್ನು ಹಿಡಿಯಹೋದರೆ ತನ್ನ ಉಸಿರನ್ನೇ ಕಡಿದುಕೊಳ್ಳುತ್ತಾನೆ. ಹೊರಗಿನವನು ಬೇಕೆಂದಾಗ ನಾಲ್ಕನೆಯ ಕಾಯಿಯನ್ನಿಟ್ಟು, ನಾಲ್ಕನ್ನೂ ಸೆರೆಗೆ ಬಿಟ್ಟು, ಖಾಲಿಯಾದ ಮೂಲೆಗೆ ಮತ್ತೆ ನುಗ್ಗಿ ಕೋ ಆರಂಭಿಸಬಲ್ಲ. ಜಗಳ ತೊಡಗುವ ಅಧಿಕಾರ ಒಬ್ಬನಿಗೆ ಮಾತ್ರ. ಅವನು ಉಳಿದೆಡೆಯ ಅಪಾಯಗಳನ್ನೆಲ್ಲ ನಿವಾರಿಸಿಕೊಂಡು ಕಟ್ಟಕಡೆಗೆ ತೊಡಗುತ್ತಾನೆ. ಹೀಗಾಗಿ ಆ ಗುಂಪನ್ನು ಆಡಿ ತೋರಿಸದೆಯೇ ಸತ್ತುದೆಂದು ಎಣಿಸುವುದು ಜಪಾನಿನ ರೂಢಿ. 1949ರಲ್ಲಿ ಅಲ್ಲಿ ಮೊದಲ ಬಾರಿಗೆ ಲಿಖಿತ ನಿಯಮಗಳು ಬಂದಾಗ ಈ ತೀರ್ಪೂ ಅವುಗಳಲ್ಲಿ ಸೇರಿತು. ಚೀನೀ ಪದ್ಧತಿಯಲ್ಲಿ ಮಾತ್ರ ಸಾವನ್ನು ಆಡಿಯೇ ತೋರಿಸಬೇಕು. ಅಪರೂಪಕ್ಕಾದರೂ ಒಂದೇ ಗುಂಪು ಒಂದು ದೇಶದ ಹಲಗೆಯಲ್ಲಿ ಸತ್ತು ಇನ್ನೊಂದರಲ್ಲಿ ಬದುಕಿರಬಹುದು. ಆಡಿ ತೋರಿಸು ಎನ್ನುವ ಚೀನೀ ಪದ್ಧತಿಯೇ ಮಕ್ಕಳಿಗೆ ಹೆಚ್ಚು ನ್ಯಾಯವಾಗಿ ಕಾಣುವುದರಲ್ಲಿ ಸಂದೇಹವಿಲ್ಲ.

ಮೂಲೆಯನ್ನು ಒಂದೇ ಕಾಯಿಯಿಂದ ಭದ್ರಪಡಿಸುವ ಸಂಧಿ, ಎರಡೂ ಅಂಚುಗಳಿಂದ ಮೂರನೆಯ ಗೆರೆಗಳು ಕೂಡುವ ‘ಮೂರು-ಮೂರು’. ಜಪಾನಿನ ಹೊನಿನ್‌ಬೊ ಮನೆತನದಲ್ಲಿ ಆಟದ ಆರಂಭಕ್ಕೇ ಅಲ್ಲಿ ಕಾಯಿಯಿಡುವುದು ನಿಷಿದ್ಧವೆನಿಸಿತ್ತು. 1933ರಲ್ಲಿ, ಚೀನಾದಲ್ಲಿ ಹುಟ್ಟಿ ಜಪಾನಿಗೆ ಬಂದಿದ್ದ 19 ವರ್ಷದ ಗೋ ಸೇಗೆನ್, ಆ ಮನೆತನದ ಹಿರಿಯ ಹೊನಿನ್‌ಬೊ ಶುಸಾಯ್ ಅವರ ಎದುರು ಕುಳಿತು ತನ್ನ ಮೊದಲ ಕಾಯಿಯನ್ನು ಅಲ್ಲಿಯೇ ಇಟ್ಟ. ಮರುವರ್ಷ ಜನವರಿಯಲ್ಲಿ ಮುಗಿದ ಆ ಆಟವನ್ನು ಶುಸಾಯ್ ಎರಡು ಅಂಕಗಳಿಂದ ಗೆದ್ದರು. ಆದರೆ ಜನರ ನೆನಪಿನಲ್ಲಿ ಉಳಿದದ್ದು ಸೋತವನ ಮೊದಲ ನಡೆ.

ಎದುರಾಳಿಯ ಮೂಲೆಯ ಮೂರು-ಮೂರಕ್ಕೆ ಆಟದ ಮೊದಲಲ್ಲೇ ನುಗ್ಗಬಾರದು, ಅಷ್ಟು ಸಣ್ಣ ಬದುಕಿಗಾಗಿ ಹೊರಗೆ ಅವನಿಗೊಂದು ಕೋಟೆ ಕಟ್ಟಿಕೊಟ್ಟಂತಾಗುತ್ತದೆ ಎಂದು ಗುರುಗಳು ಬಹುಕಾಲ ಕಲಿಸುತ್ತಿದ್ದರು. 2016ರ ಮಾರ್ಚಿಯಲ್ಲಿ ಸೋಲ್ ನಗರದಲ್ಲಿ ಲೀ ಸೆಡಾಲ್ ಅವರನ್ನು 4-1ರಿಂದ ಸೋಲಿಸಿದ ಆಲ್ಫಾಗೋ ಯಂತ್ರದ ಮುಂದಿನ ರೂಪಗಳು ಧೈರ್ಯವಾಗಿ ಹಾಗೆಯೇ ನುಗ್ಗತೊಡಗಿದವು. ಈಗ ವೃತ್ತಿಪರರೂ ಅದನ್ನೇ ಆಡುತ್ತಾರೆ. ಯಂತ್ರಕ್ಕೆ ಎಲ್ಲವೂ ಕಾಣುತ್ತದೆಂದು ಇದರಿಂದ ತಿಳಿಯಬೇಕಿಲ್ಲ. 2023ರಲ್ಲಿ ಕೆಲಿನ್ ಪೆಲ್ರಿನ್ ಎಂಬ ಅಮೆರಿಕದ ಹವ್ಯಾಸಿ ಆಟಗಾರ ಕಾಟಾಗೋ ಎಂಬ ಬಲಿಷ್ಠ ತಂತ್ರಾಂಶವನ್ನು 15 ಆಟಗಳಲ್ಲಿ 14ರಲ್ಲಿ ಸೋಲಿಸಿದರು. ಬೇರೆ ಮೂಲೆಗಳಲ್ಲಿ ಅದರ ಗಮನ ಸೆಳೆಯುತ್ತ, ಅದರದೊಂದು ದೊಡ್ಡ ಗುಂಪನ್ನು ಮೆಲ್ಲನೆ ಸುತ್ತುಗಟ್ಟುವುದು ಅವರ ಉಪಾಯ. ಗುಂಪು ಸಾಯುತ್ತಿರುವುದು ಯಂತ್ರಕ್ಕೆ ತಿಳಿಯಲೇ ಇಲ್ಲ.

ಸಾವು-ಬದುಕಿನ ಸಮಸ್ಯೆಗಳನ್ನು ಪುಸ್ತಕವಾಗಿಸುವುದು ಹಳೆಯ ಸಂಪ್ರದಾಯ. 1713ರಲ್ಲಿ ಇನೊಉಎ ದೋಸೆತ್ಸು ಇನ್ಸೆಕಿ ರಚಿಸಿದ ‘ಇಗೊ ಹತ್ಸುಯೊ-ರೋನ್’ನಲ್ಲಿ ನೂರೆಂಬತ್ತಕ್ಕೂ ಹೆಚ್ಚು ಸಮಸ್ಯೆಗಳಿವೆ, ಅದನ್ನು ಆ ಮನೆತನದವರು ತಮ್ಮ ಶಿಷ್ಯರಿಗಷ್ಟೇ ತೋರಿಸುತ್ತಿದ್ದರು. ಇಂಥ ಸಮಸ್ಯೆಗಳನ್ನು ಬಿಡಿಸುವಾಗ ಕಾಯಿ ಮುಟ್ಟಬಾರದು, ಕಣ್ಣಿನಿಂದಲೇ ಕೊನೆಯವರೆಗೆ ಓದಬೇಕು ಎಂಬುದು ಇಂದಿಗೂ ನಡೆದುಬಂದ ಶಿಸ್ತು.

ಈ ವಾರ ಹಾಳೆಯ ಮೇಲೆ ಇನ್ನೊಂದು ಸಾಲು ಹೂಡಬಹುದು. ಇದಕ್ಕೆ 9 ಗೆರೆಗಳು ಇಕ್ಕಟ್ಟಾಗುತ್ತವೆ, 13 ಎಳೆಯಬೇಕು. ಎರಡು ಮೂಲೆಗಳಿಂದಲೂ ದೂರ, ಎರಡನೆಯ ಗೆರೆಯ ನಡುಭಾಗದಲ್ಲಿ ಏಳು ಹುಣಸೆ ಬೀಜಗಳು. ಮೇಲೆಯೂ ಎರಡು ತುದಿಗಳಲ್ಲಿಯೂ ಅವರೆಕಾಳು. ಬಿಳಿ ಮೊದಲು ಆಡಿದರೆ ಏನಾಗುತ್ತದೆ, ಕಪ್ಪು ಮೊದಲು ಆಡಿದರೆ ಏನಾಗುತ್ತದೆ? ಬೀಜ ಮುಟ್ಟದೆ ಹೇಳಬೇಕು.