ಅವ್ವನ ತೂಕ, ಮನೆಯ ಲೆಕ್ಕ

ಶಹಾಬಜಾರದ ಓಣಿಗಳಿಂದ ಬೆಳಗಿನ ಆರು ಗಂಟೆಗೆ ವಾಕಿಂಗ್ ಹೊರಡುವ ಮಂದಿಯನ್ನು ಒಮ್ಮೆ ಗಮನಿಸಿ ನೋಡಿ. ನಿವೃತ್ತ ಮಾಸ್ತರರು, ಬಿಪಿ ಏರಿದೆಯೆಂದು ಡಾಕ್ಟರರಿಂದ ಬೈಸಿಕೊಂಡ ಅಂಗಡಿಕಾರರು, ಪೊಲೀಸ್ ಭರ್ತಿಗೆ ತಯಾರಿ ನಡೆಸಿರುವ ಹುಡುಗರು. ಶರಣಬಸವೇಶ್ವರ ಕೆರೆಯ ದಂಡೆಯ ಮೇಲಾಗಲಿ, ಸಾರ್ವಜನಿಕ ಉದ್ಯಾನದಲ್ಲಾಗಲಿ ಕಾಣುವವರೂ ಇಂಥವರೇ. ಕಾಣದೇ ಇರುವವರು ಯಾರು? ನೂರಾ ಹತ್ತು, ನೂರಾ ಇಪ್ಪತ್ತು ಕಿಲೋ ತೂಗುವವರು. ನಡಿಗೆಯ ಅಗತ್ಯ ಹೆಚ್ಚಾಗಿ ಇರುವುದು ಅವರಿಗೇ. ಆದರೆ ಅವರು ಮನೆಯೊಳಗೇ ಉಳಿಯುತ್ತಾರೆ. ಮೊಣಕಾಲು ನೋವು ಒಂದು ಕಾರಣ, ನಾಲ್ಕು ಹೆಜ್ಜೆಗೆ ದಮ್ಮು ಹತ್ತುವುದು ಇನ್ನೊಂದು. ಇವೆರಡಕ್ಕಿಂತ ದೊಡ್ಡದು ಮಂದಿಯ ಕಣ್ಣು.

ಅಂಥವರು ನಿಮ್ಮ ಮನೆಯಲ್ಲೇ ಇರಬಹುದು. ಕಾಲೇಜಿನ ಪಾಲಕರ ಸಭೆಗೆ ಅವ್ವ ಬರುವುದಿಲ್ಲ, ‘ನಿಮ್ಮಪ್ಪನ್ನ ಕರ್ಕೊಂಡು ಹೋಗು’ ಎನ್ನುತ್ತಾಳೆ. ಮಗನಿಗೆ ಒಳಗೊಳಗೇ ಸಮಾಧಾನ. ಗೆಳೆಯರ ಮುಂದೆ ನಗೆಪಾಟಲಾಗುವುದು ತಪ್ಪಿತಲ್ಲ! ಆ ಸಮಾಧಾನ ಅವ್ವನಿಗೆ ಗೊತ್ತಾಗುವುದಿಲ್ಲ ಎಂದು ತಿಳಿಯಬೇಡಿ. ಗೊತ್ತಾಗಿದ್ದರಿಂದಲೇ ಆಕೆ ಬರುವುದನ್ನು ಬಿಟ್ಟಿರುತ್ತಾಳೆ. ಈ ವಾರದ ಮಾತು ಆ ಅವ್ವನ ಕುರಿತಾದದ್ದು. ಅಪ್ಪನಾದರೂ ಮಾತು ಇದೇ.

ಮೊದಲು ಲೆಕ್ಕ ತಿಳಿಯೋಣ. ತೂಕವನ್ನು ಕಿಲೋದಲ್ಲಿ ಬರೆದು, ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಬಿಎಂಐ ಎನ್ನುತ್ತಾರೆ. 165 ಸೆಂಟಿಮೀಟರ್ ಎತ್ತರ, 110 ಕಿಲೋ ತೂಕ ಇದ್ದವರ ಬಿಎಂಐ 40 ದಾಟುತ್ತದೆ. 40ಕ್ಕಿಂತ ಮೇಲಿದ್ದರೆ, ಅಥವಾ 35 ದಾಟಿ ಜೊತೆಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡದಂಥ ತೊಂದರೆ ಇದ್ದರೆ ಅದು ತೀವ್ರ ಸ್ಥೂಲಕಾಯ. ನಮ್ಮ ದೇಶದವರಿಗೆ ಕಡಿಮೆ ತೂಕದಲ್ಲೇ ಈ ರೋಗಗಳು ಅಂಟಿಕೊಳ್ಳುವುದರಿಂದ ಇಲ್ಲಿಯ ವೈದ್ಯರು 25 ದಾಟಿದರೆ ಬೊಜ್ಜೆಂದೇ ಎಣಿಸುತ್ತಾರೆ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ ಸುಮಾರು 30 ಮಂದಿ, ಹೆಂಗಸರೂ ಗಂಡಸರೂ ಒಂದೇ ಸಮನಾಗಿ, 25ರ ಗೆರೆ ದಾಟಿದವರು. ಬರದ ನಾಡೆಂದು ಹೆಸರಾದ ನಮ್ಮ ಭಾಗಕ್ಕೂ ಇದು ಹೊರಗಿನ ಮಾತಾಗಿ ಉಳಿದಿಲ್ಲ.

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆ ಸುಳ್ಳಲ್ಲ. ಆದರೆ ದಪ್ಪಗಿರುವವರ ಮುಂದೆ ಅದು ಗಾದೆಯಾಗಿ ಉಳಿಯುವುದಿಲ್ಲ, ಆರೋಪವಾಗುತ್ತದೆ. ‘ಬಾಯಿ ಕಟ್ಟಿದರೆ ಸಾಕಲ್ಲ’ ಎಂದು ಬಂದವರೆಲ್ಲ ಹೇಳಿ ಹೋಗುತ್ತಾರೆ. ವಿಜ್ಞಾನ ಇದನ್ನು ಅಷ್ಟು ಸರಳವೆಂದು ಒಪ್ಪುವುದಿಲ್ಲ. ದೇಹದ ಕೊಬ್ಬಿನಿಂದಲೇ ಹೊರಟು ಮಿದುಳಿಗೆ ‘ಸಾಕು’ ಎಂದು ಹೇಳುವ ಲೆಪ್ಟಿನ್ ಎಂಬ ಹಾರ್ಮೋನು 1994ರಲ್ಲಿ ಪತ್ತೆಯಾಯಿತು. ಹಸಿವಿನ ಹಿಂದೆ ಇಂಥ ಅನೇಕ ಸಂದೇಶಗಳು ಓಡಾಡುತ್ತವೆ, ಅವು ಬಹುಮಟ್ಟಿಗೆ ವಂಶದಿಂದ ಬಂದವು. ಇನ್ನು ತೂಕ ಇಳಿದ ಮೇಲೆ ದೇಹ ಸುಮ್ಮನಿರುವುದೂ ಇಲ್ಲ. ಅಮೆರಿಕದ ಟಿವಿಯಲ್ಲಿ ತೂಕ ಇಳಿಸುವ ಸ್ಪರ್ಧೆಯೊಂದು ನಡೆಯುತ್ತಿತ್ತು. ಅದರಲ್ಲಿ ಭಾಗವಹಿಸಿದ 14 ಮಂದಿಯನ್ನು ಆರು ವರ್ಷದ ನಂತರ ಪರೀಕ್ಷಿಸಿದ ವರದಿ 2016ರಲ್ಲಿ ಹೊರಬಂತು. ಸರಾಸರಿ 58 ಕಿಲೋ ಇಳಿಸಿದವರು 41 ಕಿಲೋ ಮತ್ತೆ ಗಳಿಸಿದ್ದರು. ಸುಮ್ಮನೆ ಕುಳಿತಾಗ ಅವರ ದೇಹ ಸುಡುತ್ತಿದ್ದ ಶಕ್ತಿಯೂ ಆ ತೂಕದವರಿಗೆ ಇರಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆಯಾಗಿತ್ತು. ಅಂದರೆ ದೇಹ ತಾನು ಕಳೆದುಕೊಂಡದ್ದನ್ನು ಮರಳಿ ಕೂಡಿಸಲು ವರ್ಷಗಟ್ಟಲೆ ಹವಣಿಸುತ್ತದೆ. ಇದನ್ನು ತಿಳಿದವರು ಅವ್ವನಿಗೆ ‘ನಿನಗೆ ಮನಸ್ಸು ಗಟ್ಟಿ ಇಲ್ಲ’ ಎನ್ನಲಾರರು.

ಹಾಗಾದರೆ ಏನೂ ಮಾಡಲಾಗದೇ? ಮಾಡಬಹುದು. ಆದರೆ ಯಾವುದನ್ನು ಗೆಲುವೆಂದು ಎಣಿಸಬೇಕು ಎಂಬುದನ್ನು ಮೊದಲು ತೀರ್ಮಾನಿಸಬೇಕು. ಐರ್ಲೆಂಡಿನ ಗಾಲ್ವೇ ಪಟ್ಟಣದಲ್ಲಿ ತೀವ್ರ ಸ್ಥೂಲಕಾಯದ ವಯಸ್ಕರಿಗಾಗಿ ‘ಕ್ಲಾನ್’ ಎಂಬ ಕಾರ್ಯಕ್ರಮ ನಡೆಸಿದರು. ಐರಿಷ್ ಭಾಷೆಯಲ್ಲಿ ಆ ಪದಕ್ಕೆ ಮಕ್ಕಳು, ಕುಟುಂಬ ಎಂಬ ಅರ್ಥವಿದೆ. ವಾರಕ್ಕೊಮ್ಮೆ ಗುಂಪಾಗಿ ಸೇರುವುದು. ದಾದಿ, ಆಹಾರ ತಜ್ಞೆ, ಫಿಸಿಯೋಥೆರಪಿಸ್ಟ್ ಮೂವರೂ ಕೂಡಿ ನಡೆಸುವುದು. ಎಂಟು ವಾರಗಳ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ತೂಕದಲ್ಲಿ ಇಳಿದದ್ದು ಅಲ್ಪವೇ. ಆದರೆ ಅವರ ದೈಹಿಕ ಸಾಮರ್ಥ್ಯ ಏರಿತ್ತು, ಮನಸ್ಸಿನ ಕಳವಳ, ಖಿನ್ನತೆ ತಗ್ಗಿತ್ತು.

ನಮಗೆ ಹತ್ತಿರದ ಉದಾಹರಣೆ ಚೆನ್ನೈಯದು. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 531 ಮಂದಿಯ ಮೇಲೆ ಡಾ. ಎ. ರಾಮಚಂದ್ರನ್ ಮತ್ತು ಅವರ ತಂಡದವರು ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಮೂರು ವರ್ಷದಲ್ಲಿ, ಸಾಮಾನ್ಯ ಸಲಹೆ ಪಡೆದವರಲ್ಲಿ ನೂರಕ್ಕೆ 55 ಮಂದಿಗೆ ಕಾಯಿಲೆ ಬಂತು. ಊಟ, ನಡಿಗೆ ತಿದ್ದಿಕೊಂಡವರಲ್ಲಿ 39 ಮಂದಿಗೆ. ಗಮನಿಸಬೇಕಾದ ಸಂಗತಿಯೆಂದರೆ ಈ ಎರಡನೆಯ ಗುಂಪಿನವರ ತೂಕ ಹೇಳಿಕೊಳ್ಳುವಂತೆ ಇಳಿದಿರಲಿಲ್ಲ. ತಕ್ಕಡಿಯ ಮುಳ್ಳು ಅಲುಗಾಡದಿದ್ದರೂ ಒಳಗೆ ರಕ್ತ, ನರ, ಸ್ನಾಯುಗಳಿಗೆ ಲಾಭವಾಗುತ್ತಿರುತ್ತದೆ.

ಇಳಿಸುವ ಗುರಿ ಸಣ್ಣದಿರಲಿ. 120 ಕಿಲೋದವರು ಆರು ತಿಂಗಳಲ್ಲಿ ನೂರಕ್ಕೆ ಐದರಂತೆ 6 ಕಿಲೋ ಇಳಿದರೆ ಸಕ್ಕರೆ, ರಕ್ತದೊತ್ತಡ ಎರಡೂ ಹತೋಟಿಗೆ ಬರಲು ನೆರವಾಗುತ್ತದೆ. ಒಂದು ಕಿಲೋ ಇಳಿದರೆ ನಡೆಯುವಾಗ ಮೊಣಕಾಲಿನ ಮೇಲೆ ಬೀಳುವ ಭಾರ ಪ್ರತಿ ಹೆಜ್ಜೆಗೆ ಸುಮಾರು ನಾಲ್ಕು ಕಿಲೋದಷ್ಟು ತಗ್ಗುತ್ತದೆ. ಆರು ಕಿಲೋಗೆ ಇಪ್ಪತ್ನಾಲ್ಕು! ಇದನ್ನು ಅವ್ವನಿಗೆ ಹೇಳಿ ನೋಡಿ.

ಅನುಕೂಲವಿದ್ದವರು ಬೆಂಗಳೂರಿನ ಜಿಂದಾಲ್, ಧರ್ಮಸ್ಥಳದ ಶಾಂತಿವನ, ಜಿಗಣಿಯ ಪ್ರಶಾಂತಿ ಕುಟೀರದಂಥ ಕಡೆ ಹತ್ತು ದಿನ ಇದ್ದು ಬರುತ್ತಾರೆ. ಒಳ್ಳೆಯದೇ. ಅಲ್ಲಿ ಅಡುಗೆ, ನಿದ್ದೆ, ಶಿಸ್ತು ಎಲ್ಲವೂ ಬೇರೆಯವರ ಕೈಯಲ್ಲಿರುತ್ತವೆ. ಹನ್ನೊಂದನೆಯ ದಿನ ಮರಳುವುದು ಮಾತ್ರ ಅದೇ ಮನೆಗೆ, ಅದೇ ಎಣ್ಣೆ ಡಬ್ಬಿಗೆ. ಆದ್ದರಿಂದ ನಿಜವಾದ ಕಾರ್ಯಕ್ರಮ ನಡೆಯಬೇಕಾದ್ದು ಮನೆಯಲ್ಲಿ, ಮತ್ತು ಎಲ್ಲರಿಗೂ ಸೇರಿ. ಅವ್ವನೊಬ್ಬಳಿಗೆ ಸಪ್ಪೆ ಪಲ್ಲೆ, ಉಳಿದವರಿಗೆ ಮಿರ್ಚಿ ಭಜಿ ಎಂದರೆ ಅದು ಪಥ್ಯವಲ್ಲ, ಶಿಕ್ಷೆ. ಆ ಭಜಿಯನ್ನೂ ಬಹುತೇಕ ಮನೆಗಳಲ್ಲಿ ಅವ್ವನೇ ಕರಿಯಬೇಕು!

ವಿದ್ಯಾರ್ಥಿಗಳೇ, ಇಲ್ಲಿ ನಿಮ್ಮ ಗಣಿತ ಉಪಯೋಗಕ್ಕೆ ಬರಲಿ. ನಾಲ್ವರ ಮನೆಗೆ ತಿಂಗಳಿಗೆ ಐದು ಲೀಟರ್ ಎಣ್ಣೆ ಬರುತ್ತದೆ ಎನ್ನಿ. ಲೀಟರಿಗೆ ಸುಮಾರು 910 ಗ್ರಾಂ. ಭಾಗಿಸಿದರೆ ಒಬ್ಬರಿಗೆ ದಿನಕ್ಕೆ 38 ಗ್ರಾಂ. ಕುಳಿತು ಕೆಲಸ ಮಾಡುವ ವಯಸ್ಕರಿಗೆ 20ರಿಂದ 25 ಗ್ರಾಂ ಸಾಕು. ಅಂದರೆ ಕಿರಾಣಿ ಚೀಟಿಯಲ್ಲಿ ಐದರ ಬದಲು ಮೂರೂಕಾಲು ಲೀಟರ್ ಬರೆದರೆ ಆಯಿತು. ಎಣ್ಣೆಯ ಪ್ರತಿ ಗ್ರಾಂಗೆ 9 ಕ್ಯಾಲೊರಿ ಇರುವುದರಿಂದ, ಯಾರ ತಾಟನ್ನೂ ಇಣುಕಿ ನೋಡದೆ ತಲಾ ನೂರಕ್ಕೂ ಹೆಚ್ಚು ಕ್ಯಾಲೊರಿ ಉಳಿಯುತ್ತದೆ. ಚಹಾದ ಲೆಕ್ಕವೂ ಹೀಗೆಯೇ: ನಾಲ್ಕು ಕಪ್, ಕಪ್ಪಿಗೆ ಎರಡು ಚಮಚ ಸಕ್ಕರೆ ಎಂದರೆ 40 ಗ್ರಾಂ. ಇರಬೇಕಾದ್ದು ದಿನಕ್ಕೆ 25 ಗ್ರಾಂ ಒಳಗೆ. ಶಾಲೆಗಳಲ್ಲಿ ಸಕ್ಕರೆಯ ಅಪಾಯ ತಿಳಿಸುವ ಫಲಕ ಹಾಕಬೇಕೆಂದು ಸಿಬಿಎಸ್‌ಇ 2025ರಲ್ಲಿ ಸೂಚಿಸಿತು. ಆ ಪಾಠ ಅಡುಗೆಮನೆಗೂ ಬರಲಿ.

ಜೋಳದ ರೊಟ್ಟಿಯನ್ನು ಬಿಡಬೇಕಿಲ್ಲ. ಪುಂಡಿಪಲ್ಲೆ, ತೊಗರಿಬೇಳೆ, ಮಜ್ಜಿಗೆ ನಮ್ಮ ಕಡೆಯ ಭಾಗ್ಯ. ತಾಟಿನ ಅರ್ಧ ಭಾಗ ಪಲ್ಲೆ, ಹಸಿ ಸೌತೆ, ಮೂಲಂಗಿಗೆ ಇರಲಿ. ಶೇಂಗಾ ಹಿಂಡಿ ಚಮಚದಲ್ಲಿ ಇರಲಿ, ಮುಷ್ಟಿಯಲ್ಲಿ ಬೇಡ. ಕಮಲಾಪುರದ ಕೆಂಪು ಬಾಳೆಹಣ್ಣು ತಿನ್ನುವುದಾದರೆ ಇಡೀ ಹಣ್ಣಿನ ಬದಲು ಅರ್ಧ ಸಾಕು. ಅಂಗಡಿ ಬಾಗಿಲು ಹಾಕಿ ಹತ್ತೂವರೆಗೆ ಉಣ್ಣುವ ರೂಢಿ ಇದ್ದರೆ ಎಂಟಕ್ಕೇ ಡಬ್ಬಿ ಕಳಿಸಿ.

ನಡಿಗೆಯ ಮಾತು. ವಾರಕ್ಕೆ 150 ನಿಮಿಷ ಎಂಬ ಸೂತ್ರ ಎಲ್ಲರ ಬಾಯಲ್ಲೂ ಇದೆ. ಅದು ತಲುಪಬೇಕಾದ ಊರು, ಹೊರಡುವ ಊರಲ್ಲ. ಭಾರವಾದ ದೇಹದವರು ಗಟ್ಟಿ ಕುರ್ಚಿಯಿಂದ ಐದು ಸಲ ಎದ್ದು ಕೂಡುವುದರಿಂದ ಆರಂಭಿಸಲಿ. ಊಟದ ನಂತರ ಐದು ನಿಮಿಷ ಅಂಗಳದಲ್ಲಿ, ಮುಂದಿನ ವಾರ ಓಣಿಯ ತುದಿಯವರೆಗೆ. ‘ಅವ್ವಾ, ನಾನೂ ಬರ್ತೀನಿ ನಡಿ’ ಎಂದು ಮಗ ಪಕ್ಕದಲ್ಲಿ ನಡೆದರೆ ಮಂದಿಯ ಕಣ್ಣಿನ ಭಾರ ಅರ್ಧಕ್ಕೆ ಇಳಿಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮೂರ ಬಿಸಿಲು 40 ಡಿಗ್ರಿ ದಾಟುತ್ತದೆ. ಏಳು ಗಂಟೆಯೊಳಗೆ ನಡಿಗೆ ಮುಗಿಯಬೇಕು.

ಜಿಮ್ಮಿಗೆ ಹೋಗುವ ಮುನ್ನ ಜಿಮ್ಸ್‌ಗೆ ಹೋಗಿ ಎಂಬುದು ಈ ಅಂಕಣದ ಸಲಹೆ. ಅಲ್ಲಿಗಾಗಲಿ, ನಿಮ್ಮ ಬಡಾವಣೆಯ ಆರೋಗ್ಯ ಕೇಂದ್ರಕ್ಕಾಗಲಿ ಒಮ್ಮೆ ಕರೆದೊಯ್ದು ಸಕ್ಕರೆ, ರಕ್ತದೊತ್ತಡ, ಥೈರಾಯ್ಡ್ ತೋರಿಸಿ. ದಪ್ಪ ತೋಳಿಗೆ ಸಾಮಾನ್ಯ ಪಟ್ಟಿ ಸುತ್ತಿದರೆ ಬಿಪಿ ಇದ್ದುದಕ್ಕಿಂತ ಹೆಚ್ಚು ತೋರಿಸುತ್ತದೆ. ದೊಡ್ಡ ಪಟ್ಟಿ ಇದೆಯೇ ಎಂದು ಕೇಳಲು ಸಂಕೋಚ ಬೇಡ. ರಾತ್ರಿ ಗೊರಕೆಯ ನಡುವೆ ಉಸಿರು ಕಟ್ಟಿದಂತಾದರೆ, ಕಾಲು ಬಾತರೆ, ಎದೆ ಹಿಡಿದರೆ ತಡ ಮಾಡಬಾರದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗುಳಿಗೆ ತೆಗೆದುಕೊಳ್ಳುವವರು ಡಾಕ್ಟರರನ್ನು ಕೇಳದೆ ಊಟ ಕಡಿಮೆ ಮಾಡಿದರೆ ಸಕ್ಕರೆ ಒಮ್ಮೆಲೇ ಕುಸಿಯಬಹುದು.

ತೂಕ ಇಳಿಸುವ ಹೊಸ ಇಂಜೆಕ್ಷನ್ನುಗಳು 2025ರಲ್ಲಿ ನಮ್ಮ ಮಾರುಕಟ್ಟೆಗೂ ಬಂದವು. ಸೆಮಾಗ್ಲುಟೈಡ್ ತೆಗೆದುಕೊಂಡವರು ಸುಮಾರು 68 ವಾರದಲ್ಲಿ ಸರಾಸರಿ ನೂರಕ್ಕೆ 15ರಷ್ಟು ಇಳಿದರೆಂದು 2021ರ ಅಧ್ಯಯನ ಹೇಳುತ್ತದೆ; ನಿಲ್ಲಿಸಿದ ಒಂದು ವರ್ಷದಲ್ಲಿ ಅದರ ಮೂರರಲ್ಲಿ ಎರಡು ಪಾಲು ಮರಳಿತು ಎಂದು ಮುಂದಿನ ವರದಿ ಹೇಳುತ್ತದೆ. ಶಸ್ತ್ರಚಿಕಿತ್ಸೆಯೂ ಇದೆ, ಕೆಲವರಿಗೆ ಅದೇ ಸರಿಯಾದ ದಾರಿ. ಅದು ಡಾಕ್ಟರರ ಜೊತೆ ಕುಳಿತು ತೀರ್ಮಾನಿಸುವ ಸಂಗತಿ, ಸೋಲಿನ ಗುರುತಲ್ಲ. ಯಾವ ದಾರಿ ಹಿಡಿದರೂ ಮನೆಯ ಊಟ, ಮನೆಯ ಮಾತು ತಪ್ಪುವುದಿಲ್ಲ.

ಕೊನೆಗೆ ಪಾಲಕರಿಗೆ ಒಂದು ಮಾತು. ಕನ್ನಡಿಯ ಮುಂದೆ ನಿಮ್ಮ ದೇಹವನ್ನು ನೀವೇ ಬೈದುಕೊಂಡರೆ ಮಕ್ಕಳು ಅದನ್ನೇ ಕಲಿಯುತ್ತಾರೆ, ನಾಳೆ ತಮ್ಮ ದೇಹಕ್ಕೂ ಅದೇ ಬೈಗುಳ ಬಳಸುತ್ತಾರೆ. ಮಕ್ಕಳಿಗೆ ಒಂದು ಕೆಲಸ. ಹಳೆಯ ನೋಟ್‌ಬುಕ್ಕಿನಲ್ಲಿ ತಿಂಗಳಿಗೊಮ್ಮೆ ತೂಕ ಬರೆಯಿರಿ. ಅದರ ಪಕ್ಕದಲ್ಲಿ, ಅವ್ವ ನಿಲ್ಲದೆ ಎಷ್ಟು ಮೆಟ್ಟಿಲು ಹತ್ತಿದಳು, ಎಷ್ಟು ದೂರ ನಡೆದಳು, ರಾತ್ರಿ ಎಷ್ಟು ಹೊತ್ತು ನಿದ್ದೆ ಬಂತು ಎಂಬುದನ್ನೂ ಬರೆಯಿರಿ. ಕೆಲವು ತಿಂಗಳಲ್ಲಿ ಮೊದಲನೆಯ ಸಾಲು ಹಾಗೆಯೇ ನಿಂತಿರುತ್ತದೆ, ಉಳಿದ ಸಾಲುಗಳು ಮುಂದೆ ಸಾಗಿರುತ್ತವೆ. ಅಂಥ ತಿಂಗಳಲ್ಲಿ ಆ ಪುಟವನ್ನು ಅವ್ವನಿಗೆ ಓದಿ ಹೇಳಿ. ಮುಂದಿನ ಪಾಲಕರ ಸಭೆಯ ಚೀಟಿಯನ್ನೂ ಅವ್ವನ ಕೈಗೇ ಕೊಡಿ.