ಕೀವು ಹೊರಟ ಮೇಲೆ

ಒಂದೇ ಮನೆಯಲ್ಲಿ, ಒಂದೇ ವಾರದಲ್ಲಿ, ಇಬ್ಬರಿಗೆ ಕುರು ಎದ್ದಿತೆಂದು ಓದುಗರು ಊಹಿಸಿಕೊಳ್ಳಬಹುದು. ನಡೆಯಬಾರದ ಸಂಗತಿಯೇನಲ್ಲ. ಸೊಸೆಗೆ ಕಂಕುಳಲ್ಲಿ, ನಿಂಬೆಯಕಾಯಿಗಿಂತ ತುಸು ಚಿಕ್ಕದು. ಮನೆಯ ಯಜಮಾನರಿಗೆ, ಎಂದರೆ ಅವಳ ಮಾವನವರಿಗೆ, ಬೆನ್ನಿನ ನಡುವೆ. ಅತ್ತೆಯವರು ವಾಡಿಕೆಯಂತೆ ಗೋಧಿಹಿಟ್ಟಿನ ಬಿಸಿ ಪಟ್ಟು ಹಾಕಿ ನೋಡಿದರು. ಸುಟ್ಟ ಈರುಳ್ಳಿಯನ್ನೂ ಕಟ್ಟಿದರು. ನೋವು ತಡೆಯಲಾರದೆ ಕೊನೆಗೆ ಇಬ್ಬರೂ ಒಬ್ಬರೇ ವೈದ್ಯರಲ್ಲಿಗೆ ಹೋದರು. ಇಬ್ಬರ ಕುರುವನ್ನೂ ಕೊಯ್ದು ಕೀವು ತೆಗೆದುದಾಯಿತು. ಮಾವನವರಿಗೆ ಏಳು ದಿನಗಳ ಆಂಟಿಬಯಾಟಿಕ್ ಗುಳಿಗೆ ದೊರೆಯಿತು. ಅದರ ಮೇಲೆ ರಕ್ತಪರೀಕ್ಷೆಯ ಚೀಟಿ. ಸೊಸೆಗೆ ದೊರೆತುದು ಎರಡು ದಿನದ ನೋವಿನ ಗುಳಿಗೆ ಮಾತ್ರ.

“ಕತ್ತಿ ಆಡಿಸಿ, ಒಂದು ಒಳ್ಳೆಯ ಮಾತ್ರೆಯನ್ನೂ ಕೊಡದೆ ಕಳುಹಿಸಿದರಲ್ಲಮ್ಮಾ! ನಂಜಾದರೆ ಏನು ಗತಿ? ನಿಮ್ಮ ಮಾವನವರ ಪಟ್ಟಿಯಿಂದಲೇ ನಾಲ್ಕು ತೆಗೆದುಕೊಂಡು ನುಂಗು” ಎಂದರು ಅತ್ತೆ.

ಅವರ ಕಳಕಳಿ ಸಹಜವಾದುದೇ. ಆದರೆ ಆ ನಾಲ್ಕು ಗುಳಿಗೆಗಳಿಂದ ಸೊಸೆಗೆ ಒಳಿತಾಗುವ ಸಂಭವ ಕಡಿಮೆ. ಮಾವನವರಿಗೆ ಕೇಡಾಗುವ ಸಂಭವವಂತೂ ಉಂಟು.

ಕುರುವೆಂದರೆ ದೇಹವು ತಾನೇ ಕಟ್ಟಿದ ಒಂದು ಸೆರೆಮನೆ. ಕೂದಲ ಬುಡದಿಂದಲೋ ಸಣ್ಣ ಗಾಯದಿಂದಲೋ ಒಳನುಗ್ಗಿದ ರೋಗಾಣುಗಳನ್ನು ಎದುರಿಸಲು ರಕ್ತದ ಬಿಳಿಯ ಕಣಗಳು ಧಾವಿಸುತ್ತವೆ. ಸತ್ತ ಕಣಗಳು, ಸತ್ತ ಮತ್ತು ಬದುಕಿರುವ ರೋಗಾಣುಗಳು, ಕರಗಿದ ಮಾಂಸ ಎಲ್ಲವೂ ಸೇರಿ ಕೀವಾಗುತ್ತದೆ. ಅದು ಹರಡದಂತೆ ಸುತ್ತಲೂ ಒಂದು ಗೋಡೆ ಏಳುತ್ತದೆ. ಈ ಗೋಡೆಯೇ ನಮ್ಮ ರಕ್ಷಣೆ. ಔಷಧಿಗೆ ಅಡ್ಡಿಯಾಗುವುದೂ ಅದೇ. ಕೀವಿನ ಮಡುವಿನೊಳಗೆ ರಕ್ತನಾಳಗಳಿಲ್ಲ. ನುಂಗಿದ ಗುಳಿಗೆಯ ಸತ್ವ ರಕ್ತದ ಮೂಲಕವೇ ಬರಬೇಕಾದುದರಿಂದ ಅದು ಗೋಡೆಯ ಹೊರಗೇ ಬಹುಮಟ್ಟಿಗೆ ನಿಂತುಬಿಡುತ್ತದೆ. ಆದುದರಿಂದ ಹಣ್ಣಾದ ಕುರುವಿಗೆ ಮೊದಲ ಚಿಕಿತ್ಸೆ ಕತ್ತಿಯದು. “ಕೊಯ್ಯುವುದು ಬೇಡ, ಮಾತ್ರೆಯಲ್ಲೇ ಕರಗಿಸಿಬಿಡಿ” ಎಂದು ವೈದ್ಯರನ್ನು ಬೇಡಿಕೊಳ್ಳುವವರು ದಿನಗಳನ್ನು ವ್ಯರ್ಥವಾಗಿ ಕಳೆಯುತ್ತಾರೆ.

ಕೀವಿನೊಳಗೆ ಇರುವುದೇನು ಎಂಬುದನ್ನು ಮೊದಲು ಕೂಲಂಕಷವಾಗಿ ನೋಡಿದವರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ನಗರದ ಶಸ್ತ್ರವೈದ್ಯ ಅಲೆಕ್ಸಾಂಡರ್ ಆಗ್‌ಸ್ಟನ್ ಮುಖ್ಯರು. 1880ರ ಸುಮಾರಿಗೆ ಅವರು ರೋಗಿಗಳ ಕುರುಗಳಿಂದ ತೆಗೆದ ಕೀವನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ, ದ್ರಾಕ್ಷಿಯ ಗೊಂಚಲಿನಂತೆ ಕೂಡಿಕೊಂಡಿದ್ದ ದುಂಡು ಜೀವಿಗಳನ್ನು ಕಂಡರು. ಅವುಗಳಿಗೆ ಸ್ಟ್ಯಾಫಿಲೊಕಾಕಸ್ ಎಂಬ ಹೆಸರನ್ನಿತ್ತವರೂ ಅವರೇ. ಉರಿಯಿಲ್ಲದ, ಬಿಸಿಯಿಲ್ಲದ ‘ತಣ್ಣನೆಯ ಕುರು’ಗಳಲ್ಲಿ ಮಾತ್ರ ಅವರಿಗೆ ಆ ಗೊಂಚಲು ಕಾಣಲಿಲ್ಲ. ಇಂಥ ಕುರು ಹೆಚ್ಚಾಗಿ ಕ್ಷಯದ್ದು. ನಮ್ಮ ದೇಶದಲ್ಲಿ ಇಂದಿಗೂ ಅಪರೂಪವಲ್ಲ. ಅದಕ್ಕೆ ತಿಂಗಳುಗಟ್ಟಲೆಯ ಬೇರೆಯೇ ಔಷಧಿಗಳು ಬೇಕು. ಕೊಯ್ದ ವೈದ್ಯರು ಕೀವಿನ ಒಂದಷ್ಟನ್ನು ಪರೀಕ್ಷೆಗೆ ಕಳುಹಿಸಬೇಕೆಂದರೆ, ಖರ್ಚಿನ ನೆಪವೊಡ್ಡಿ ತಪ್ಪಿಸಬಾರದು.

ಆಂಟಿಬಯಾಟಿಕ್ ಔಷಧಿಯ ಚರಿತ್ರೆಯ ಮೊದಲ ಪುಟಗಳಲ್ಲೇ ಕೀವಿನ ಕಥೆಯೊಂದಿದೆ. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೋಲೀಸ್ ಪೇದೆ ಮುಖ, ತಲೆಗಳ ತುಂಬ ಕುರುಗಳೆದ್ದು, ಒಂದು ಕಣ್ಣನ್ನೂ ಕಳೆದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದನು. 1941ರ ಫೆಬ್ರವರಿ 12ರಂದು ಅವನಿಗೆ ಪೆನಿಸಿಲಿನ್ ಕೊಡತೊಡಗಿದರು. ಒಂದೆರಡು ದಿನಗಳಲ್ಲೇ ಜ್ವರವಿಳಿಯಿತು, ಹಸಿವು ಮರಳಿತು. ಆದರೆ ಆಗ ಜಗತ್ತಿನಲ್ಲಿದ್ದ ಪೆನಿಸಿಲಿನ್ ಎಷ್ಟು? ಅವನ ಮೂತ್ರದಿಂದಲೇ ಔಷಧಿಯನ್ನು ಮತ್ತೆ ಬೇರ್ಪಡಿಸಿ ಅವನಿಗೇ ಚುಚ್ಚಬೇಕಾಯಿತು. ಐದು ದಿನಗಳಲ್ಲಿ ಅದೂ ಮುಗಿಯಿತು. ಉಳಿದಿದ್ದ ರೋಗಾಣುಗಳು ತಲೆಯೆತ್ತಿದವು. ಮಾರ್ಚಿ 15ರಂದು ಅವನು ತೀರಿಕೊಂಡನು. ಔಷಧಿಯ ಶಕ್ತಿಯನ್ನೂ, ಅರೆಬರೆ ಕೊಟ್ಟ ಔಷಧಿಯ ಅಶಕ್ತಿಯನ್ನೂ ಒಬ್ಬನೇ ರೋಗಿ ತೋರಿಸಿಕೊಟ್ಟುದು ಹೀಗೆ.

ಹಾಗಾದರೆ ಕೀವು ತೆಗೆದ ಮೇಲೆ ಎಲ್ಲರಿಗೂ ಔಷಧಿ ಬೇಕೆ? ಬಹುಕಾಲ ವೈದ್ಯರ ಉತ್ತರ, “ಸಣ್ಣ ಕುರುವಿಗೆ ಬೇಡ” ಎಂಬುದಾಗಿತ್ತು. ಅಮೆರಿಕದಲ್ಲಿ ನಡೆದ ಎರಡು ದೊಡ್ಡ ಪ್ರಯೋಗಗಳು ಈ ಉತ್ತರವನ್ನು ಸ್ವಲ್ಪ ತಿದ್ದಿದವು. 2016ರಲ್ಲಿ ಪ್ರಕಟವಾದುದರಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ಜನರಿದ್ದರು. ಎಲ್ಲರ ಕುರುವನ್ನೂ ಕೊಯ್ದು, ಅರ್ಧದಷ್ಟು ಮಂದಿಗೆ ಏಳು ದಿನ ಕೋಟ್ರೈಮಾಕ್ಸಜೋಲ್, ಉಳಿದವರಿಗೆ ಔಷಧಿಯಿಲ್ಲದ ಹುಸಿಗುಳಿಗೆ ಕೊಟ್ಟರು. ಔಷಧಿ ಪಡೆದವರಲ್ಲಿ ನೂರಕ್ಕೆ 80.5 ಮಂದಿ ಗುಣಹೊಂದಿದರು, ಹುಸಿಗುಳಿಗೆಯವರಲ್ಲಿ 73.6. ಮರುವರ್ಷದ ಪ್ರಯೋಗದಲ್ಲಿ ಐದು ಸೆಂಟಿಮೀಟರಿಗೆ ಮೀರದ ಕುರುಗಳನ್ನು ಮಾತ್ರ ಆರಿಸಿಕೊಂಡಿದ್ದರು. ಅಲ್ಲಿ ಔಷಧಿಯವರಲ್ಲಿ ನೂರಕ್ಕೆ 82ರ ಆಸುಪಾಸು, ಹುಸಿಗುಳಿಗೆಯವರಲ್ಲಿ 69 ಮಂದಿ ಗುಣವಾದರು. ಹೆಚ್ಚಿನ ಲಾಭವೆಲ್ಲ ಆಗ್‌ಸ್ಟನ್ ಕಂಡ ಆ ದ್ರಾಕ್ಷಿಗೊಂಚಲಿನ ಜಾತಿಯ ರೋಗಾಣುವಿದ್ದವರಿಗೇ ಸಂದಿತು. ಅದೇ ಪ್ರಯೋಗದಲ್ಲಿ ಕ್ಲಿಂಡಾಮೈಸಿನ್ ನುಂಗಿದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಭೇದಿಯೇ ಮೊದಲಾದ ತೊಂದರೆಗಳಾದವು.

ಈ ಅಂಕೆಗಳನ್ನು ಎರಡು ಬಗೆಯಿಂದ ಓದಬಹುದು. ಔಷಧಿಯಿಂದ ನೂರರಲ್ಲಿ ಏಳರಿಂದ ಹದಿನಾಲ್ಕು ಮಂದಿಗೆ ಲಾಭವಾಯಿತು, ಇದು ತಳ್ಳಿಹಾಕುವಂಥದಲ್ಲ. ನೂರರಲ್ಲಿ ಸುಮಾರು ಎಪ್ಪತ್ತು ಮಂದಿ ಕೀವು ಹೊರಟ ಮಾತ್ರದಿಂದಲೇ ಗುಣವಾದರು. ಇದೂ ಅಷ್ಟೇ ನಿಜ. ಸೊಸೆಗೆ ವೈದ್ಯರು ಆಂಟಿಬಯಾಟಿಕ್ ಕೊಟ್ಟಿದ್ದರೆ ತಪ್ಪಾಗುತ್ತಿರಲಿಲ್ಲ, ಕೊಡದಿದ್ದುದೂ ತಪ್ಪಲ್ಲ. ವಯಸ್ಸು ಚಿಕ್ಕದು, ಜ್ವರವಿಲ್ಲ, ಸುತ್ತಲಿನ ಚರ್ಮ ಕೆಂಪಗೆ ಹರಡಿಲ್ಲ, ಕೀವು ಪೂರ್ತಿಯಾಗಿ ಹೊರಟಿದೆ.

ಮಾವನವರ ಮಾತು ಬೇರೆ. ಅವರಿಗೆ ಸಂಜೆಯಾದರೆ ಚಳಿಜ್ವರ. ಕುರುವಿನ ಸುತ್ತ ಅಂಗೈಯಗಲ ಕೆಂಪು. ಹಿಂದಿನವರು ಬೆನ್ನುಫಣಿಯೆಂದು ಕರೆದು ಹೆದರುತ್ತಿದ್ದುದು ಇಂಥದಕ್ಕೇ. ಹಲವು ಮುಖಗಳುಳ್ಳ ಅದು ಸಕ್ಕರೆ ಕಾಯಿಲೆಯವರನ್ನು ಹುಡುಕಿಕೊಂಡು ಬರುತ್ತದೆ. ರೋಗ ಗೋಡೆಯನ್ನು ದಾಟಿ ಹರಡಿರುವಲ್ಲಿ, ದೇಹದ ಕಾವಲು ಕುಗ್ಗಿರುವಲ್ಲಿ, ಗುಳಿಗೆ ಅವಶ್ಯವಾಗುತ್ತದೆ. ಸ್ಟೀರಾಯ್ಡ್ ಸೇವಿಸುವವರು, ಕ್ಯಾನ್ಸರಿನ ಚಿಕಿತ್ಸೆಯಲ್ಲಿರುವವರು, ಹಸುಗೂಸುಗಳು ಈ ಸಾಲಿಗೇ ಸೇರುತ್ತಾರೆ. ಹೃದಯಕ್ಕೆ ಕೃತಕ ಕವಾಟ ಹಾಕಿಸಿಕೊಂಡವರು ಕತ್ತಿ ತಗಲುವ ಮೊದಲೇ ಆ ವಿಷಯವನ್ನು ತಿಳಿಸಬೇಕು. ಮೂಗು, ಮೇಲ್ದುಟಿಗಳ ಬಳಿಯ ಕುರು ಎಷ್ಟೇ ಚಿಕ್ಕದಾದರೂ ಹಿಸುಕತಕ್ಕುದಲ್ಲ. ಅಲ್ಲಿನ ರಕ್ತನಾಳಗಳಿಗೆ ಮಿದುಳಿನ ಬುಡದವರೆಗೂ ದಾರಿಯಿದೆ.

ನಾಚಿಕೆಯಿಂದ ಬಚ್ಚಿಡುವ ಕುರುವೊಂದುಂಟು: ಗುದದ್ವಾರದ ಬಳಿಯದು. ಕೀವು ತೆಗೆದ ಮೇಲೂ ಅನೇಕರಿಗೆ ಅಲ್ಲಿ ಭಗಂದರವಾಗುತ್ತದೆ. ಗುಳಿಗೆ ಅದನ್ನು ತಡೆಯಬಲ್ಲುದೆ? ಟರ್ಕಿಯಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗ ಇಲ್ಲವೆಂದಿತು. ಇರಾನಿನಿಂದ 2017ರಲ್ಲಿ ಬಂದುದು ಹೌದೆಂದಿತು. ವೈದ್ಯರಲ್ಲೇ ಒಮ್ಮತವಿಲ್ಲದ ಕಡೆ ನೆರೆಮನೆಯವರ ಸಲಹೆಯನ್ನು ನೆಚ್ಚುವುದು ಜಾಣತನವಲ್ಲ.

ಬಾಣಂತಿಯ ಎದೆಯಲ್ಲಿ ಕುರುವಾದಾಗ ಮನೆಯ ಹಿರಿಯರು ಮೊದಲು ಮಾಡುವುದು ಮಗುವಿಗೆ ಹಾಲು ಬಿಡಿಸುವುದು. ಸಾಮಾನ್ಯವಾಗಿ ಇದರ ಅಗತ್ಯವಿಲ್ಲ. ಹಾಲು ಕಟ್ಟಿಕೊಂಡಷ್ಟೂ ಬಾವು ಹೆಚ್ಚುತ್ತದೆ. ಮಗುವಿಗೆ ಬಾಧಕವಲ್ಲದ ಔಷಧಿಗಳಿವೆ. ಹಾಲೂಡಿಸುತ್ತಿರುವುದನ್ನು ವೈದ್ಯರಿಗೆ ಹೇಳಿದರಾಯಿತು.

ಕೊಯ್ದ ಮೇಲಿನ ಆರೈಕೆಯನ್ನು ಜನ ಗುಳಿಗೆಯಷ್ಟು ಗೌರವಿಸುವುದಿಲ್ಲ. ಗಾಯ ತಳದಿಂದ ಮೇಲಕ್ಕೆ ತುಂಬಿಕೊಳ್ಳಬೇಕು. ಮೇಲಿನ ಚರ್ಮ ಮೊದಲೇ ಕೂಡಿಕೊಂಡರೆ ಒಳಗೆ ಮತ್ತೆ ಕೀವು. ವೈದ್ಯರು ಹೇಳಿದ ದಿನಗಳಲ್ಲಿ ಕಟ್ಟು ಬಿಚ್ಚಿಸಿ ತೊಳೆಸಬೇಕು. ಅರಿಸಿನಪುಡಿ, ಕಾಫಿಪುಡಿಗಳನ್ನು ಗಾಯಕ್ಕೆ ತುಂಬುವುದು ಬೇಡ. ಎರಡು ದಿನ ಕಳೆದರೂ ಜ್ವರ ಬಿಡದಿದ್ದರೆ, ಕೆಂಪು ಹರಡಿದರೆ, ನೋವು ಹೆಚ್ಚಿದರೆ, ರೋಗಿಗೆ ಮಂಕು ಕವಿದರೆ ಅಥವಾ ಏದುಸಿರು ಬಂದರೆ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ನಂಜು ರಕ್ತಕ್ಕೇರಿದಾಗ ಗಂಟೆಗಳಿಗೂ ಬೆಲೆಯುಂಟು.

ಇನ್ನು ಹಂಚಿಕೊಂಡು ನುಂಗುವ ವಿಚಾರ. ಸಾಲದಷ್ಟು ಪ್ರಮಾಣದಲ್ಲಿ ಕೊಟ್ಟ ಪೆನಿಸಿಲಿನ್ ರೋಗಾಣುಗಳಿಗೆ ಅದನ್ನು ಎದುರಿಸುವ ಪಾಠ ಕಲಿಸೀತೆಂದು, ಅದನ್ನು ಕಂಡುಹಿಡಿದ ಫ್ಲೆಮಿಂಗರೇ 1945ರ ತಮ್ಮ ನೊಬೆಲ್ ಉಪನ್ಯಾಸದಲ್ಲಿ ಎಚ್ಚರಿಸಿದ್ದರು. ಪೆನಿಸಿಲಿನ್ನಿಗೆ ಬಗ್ಗದ ಸ್ಟ್ಯಾಫಿಲೊಕಾಕಸ್ ಜಾತಿಗಾಗಿ 1959ರಲ್ಲಿ ಮೆಥಿಸಿಲಿನ್ ಬಂದಿತು; ಅದಕ್ಕೂ ಬಗ್ಗದ ರೋಗಾಣುವಿನ ವರದಿ 1961ರಲ್ಲೇ ಬಂದಿತು! ನಮ್ಮಲ್ಲಿ ಕೆಲವು ಆಂಟಿಬಯಾಟಿಕ್‌ಗಳನ್ನು ಮಾರುವಾಗ ಅಂಗಡಿಯವರು ಪುಸ್ತಕದಲ್ಲಿ ದಾಖಲಿಸಬೇಕೆಂಬ ನಿಯಮ 2014ರ ಮಾರ್ಚಿನಿಂದ ಜಾರಿಗೆ ಬಂದಿದೆ. ಗುಳಿಗೆಯ ಪಟ್ಟಿಯ ಮೇಲಿನ ಕೆಂಪು ಗೆರೆ ವೈದ್ಯರ ಚೀಟಿಯಿಲ್ಲದೆ ಕೊಳ್ಳಬೇಡಿರೆಂಬ ಸೂಚನೆ. ಮನೆಯ ಡಬ್ಬಿಯಲ್ಲಿ ಉಳಿದಿರುವ ಗುಳಿಗೆಗೆ ಮಾತ್ರ ಯಾವ ಪುಸ್ತಕವೂ ಇಲ್ಲ.

ಸೊಸೆ ಆ ನಾಲ್ಕನ್ನು ನುಂಗಿದ್ದರೆ ಮಾವನವರ ಚಿಕಿತ್ಸೆ ಅಷ್ಟರಮಟ್ಟಿಗೆ ಕಡಿಮೆಯಾಗುತ್ತಿತ್ತು. ಅವಳು ನುಂಗಲಿಲ್ಲ, “ನಾಡಿದ್ದು ಕಟ್ಟು ಬಿಚ್ಚಿಸುವಾಗ ಕೇಳುತ್ತೇನೆ ಅತ್ತೆ” ಎಂದು ಪಟ್ಟಿಯನ್ನು ಮಾವನವರ ಹಾಸಿಗೆಯ ಬಳಿಯೇ ಇಟ್ಟಳು. ಅಷ್ಟರಲ್ಲಿ ರಕ್ತಪರೀಕ್ಷೆಯ ವರದಿ ಬಂದಿತು. ಕಳೆದ ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವ ಅಂಕಿ 9ನ್ನು ದಾಟಿತ್ತು. ಮಾವನವರಿಗೆ ಸಕ್ಕರೆ ಕಾಯಿಲೆಯಿದೆಯೆಂದು ಮನೆಯವರಿಗೆ ತಿಳಿದುದು ಆ ಕುರುವಿನಿಂದಲೇ. ಮರುದಿನದಿಂದ ಅತ್ತೆಯವರು ಕಾಫಿಯನ್ನು ಎರಡು ಪಾತ್ರೆಗಳಲ್ಲಿ ಬೆರೆಸತೊಡಗಿದರು.